ಒಂದು ಅಂಕಿ ಇಳಿಸಿ

ಬಿಯೆಲ್ಲಾ, ಮೇಲಿನ ಕಣಿವೆ
ಬುಧವಾರ, 14 ಜುಲೈ 1993

ನನ್ನ ದೇಲಿಯೊ,

ಹೊಟ್ಟೆಗೆ ಏನಾದರೂ ಹಾಕಿಕೊಳ್ಳುತ್ತಿದ್ದೀಯೋ ಇಲ್ಲವೋ? ಚೀಸ್ ತರಲು ವಾರಕ್ಕೊಮ್ಮೆ ಬೆಟ್ಟಕ್ಕೆ ಬರುವ ನಾರ್ದೊ ಹೇಳಿದ, ಹೋದ ಗುರುವಾರ ಬಂದಾಗ, ಅದರ ಹಿಂದಿನ ವಾರ ಕೊಟ್ಟ ಬ್ರೆಡ್ಡು ಇಟ್ಟ ಜಾಗದಲ್ಲೇ ಕಲ್ಲಾಗಿ ಕೂತಿತ್ತಂತೆ. ನೀನು ಕೊಟ್ಟಿಗೆಯ ಬಾಗಿಲಲ್ಲಿ ಕಾರಿನಿಂದ ಬಿಚ್ಚಿ ತಂದ ಆ ಹಾಳು ಕಂಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆಯಂತೆ. ಮಾತಾಡಿಸಿದರೆ ಒಂದೇ ಮಾತು ಹೇಳಿ ಕಳಿಸಿದೆಯಂತೆ. ಅವನು ಅಡುಗೆಮನೆ ಬಾಗಿಲಲ್ಲಿ ಟೋಪಿ ತೆಗೆದು ನಿಂತು ಅದನ್ನು ಹೇಳಿದಾಗಿನಿಂದ ನನ್ನ ಎದೆಯಲ್ಲಿ ಬೆಂಕಿ ಬಿದ್ದಿದೆ.

ಭಾನುವಾರ ನಿನ್ನ ತಮ್ಮ ಟುಲಿಯೊನ ತಿಂಗಳ ಪ್ರಾರ್ಥನೆ ಮುಗಿದ ಮೇಲೆ, ಚರ್ಚಿನ ಮೆಟ್ಟಿಲ ಮೇಲೆ, ಊರವರ ಎದುರಿಗೇ ನಿಮ್ಮಮ್ಮನಿಗೆ ಹೇಳುತ್ತೀಯಂತೆ: ಅಮ್ಮಾ, ನಿನ್ನ ಚಿಕ್ಕ ಮಗನನ್ನ ಕೊಂದಿದ್ದು ನಿನ್ನ ದೊಡ್ಡ ಮಗನ ಕೈ, ಆ ಕಂಬಿ ಹಾಕಿದ್ದು ನಾನೇ ಅಂತ. ಆಮೇಲೆ ಗುಜರಿಯವನು ಬಂದು ಗ್ಯಾರೇಜಿನ ಸಾಮಾನೆಲ್ಲ ತುಂಬಿಕೊಂಡು ಹೋಗಬೇಕಂತೆ. ಮುಂದೆ ಸ್ಪ್ಯಾನರ್ ಮುಟ್ಟುವುದಿಲ್ಲವಂತೆ.

ಹೇಳಬೇಡ ದೇಲಿಯೊ. ಕಾಲಿಗೆ ಬೀಳುತ್ತೇನೆ, ಅದನ್ನು ಹೇಳಬೇಡ. ನಿಮ್ಮಮ್ಮನಿಗೆ ಅರವತ್ತೊಂಬತ್ತು. ಒಬ್ಬ ಮಗ ಮಣ್ಣಿಗೆ ಹೋದ. ಇನ್ನೊಬ್ಬನೇ ಅವನನ್ನು ಕಳಿಸಿದ ಅಂತ ಕೇಳಿ ಆಕೆ ಮೆಟ್ಟಿಲಿಳಿದು ಮನೆಗೆ ನಡೆದುಕೊಂಡು ಹೋಗುವುದಾದರೂ ಹೇಗೆ? ಅದಕ್ಕಿಂತ ಮುಖ್ಯ, ಅದು ನಿಜವಲ್ಲ. ಕಂಬಿಯ ತಪ್ಪಲ್ಲ, ನಿನ್ನ ಕೈಯ ತಪ್ಪೂ ಅಲ್ಲ. ಯಾರ ತಪ್ಪು ಅಂತ ನನಗೆ ಗೊತ್ತು. ನನಗೊಬ್ಬಳಿಗೇ ಗೊತ್ತು. ನಾಳೆ ನಾರ್ದೊ ಬರುವ ಹೊತ್ತಿಗೆ ಇದನ್ನು ಬರೆದು ಮುಗಿಸಬೇಕು. ಗಿರಣಿಗೆ ರಜೆ ಹೇಳಿ ಬೆಳಿಗ್ಗೆಯಿಂದ ಕೂತಿದ್ದೇನೆ.

ಇದೇ ಮೇಜು. ಮದುವೆಯಾದ ಹೊಸದರಲ್ಲಿ ನೀನು ನನಗೆ ತಿರುವುಗಳ ಲೆಕ್ಕ ಕಲಿಸಿದ್ದು ಇದೇ ಮೇಜಿನ ಮೇಲೆ, ಜೋಳದ ಹಿಟ್ಟಿನ ಪೊಲೆಂಟಾ ತಟ್ಟೆಯನ್ನು ಸ್ಟೀರಿಂಗ್ ಮಾಡಿಕೊಂಡು. ನೋಡು ಇರ್ಮಾ, ಒಂದು ಅಂದ್ರೆ ಕಾರು ಹೆಚ್ಚು ಕಡಿಮೆ ನಿಂತೇ ತಿರುಗಬೇಕು, ಐದು ಅಂದ್ರೆ ಕಾಲು ತೆಗೆಯೋದೇ ಬೇಡ, ನಡುವಿಂದು ನಡುವೆ, ಇಷ್ಟೇ ಕಥೆ ಅಂದೆ. ನಾನು, ಕಣ್ಣು ನಿನಗೂ ಇದೆಯಲ್ಲ, ತಿರುವು ಕಾಣಲ್ವಾ ಅಂತ ಕೇಳಿದೆ. ಕಾಣೋ ಹೊತ್ತಿಗೆ ತಡ ಆಗಿರುತ್ತೆ ಕಣೇ, ನಾನು ನೋಡೋದು ನಿನ್ನ ಬಾಯಿಂದ ಅಂದೆ. ಆ ಮಾತಿಗೆ ನಾನು ಎಷ್ಟು ಉಬ್ಬಿದ್ದೆ ಅಂತ ನಿನಗೆ ಗೊತ್ತಿಲ್ಲ. ಗಿರಣಿಯಲ್ಲಿ ನನ್ನದು ಬಟ್ಟೆಯ ದೋಷ ಹುಡುಕಿ, ಯಾರಿಗೂ ಕಾಣದ ಹಾಗೆ ಹೆಣೆದು ಮುಚ್ಚುವ ಕೆಲಸ. ಅಲ್ಲಿ ನನ್ನ ಹೆಸರೇ ಯಾರಿಗೂ ಬೇಕಿಲ್ಲ. ಇಲ್ಲಿ ಒಬ್ಬ ಗಂಡಸು ನನ್ನ ಬಾಯನ್ನು ನಂಬಿ ಬೆಟ್ಟದ ರಸ್ತೆಯಲ್ಲಿ ಕಾರು ಬಿಡುತ್ತೇನೆ ಅನ್ನುತ್ತಿದ್ದ.

ನಮ್ಮ ಕ್ರಮ ನಿನಗೆ ಗೊತ್ತೇ ಇದೆ. ಕಾರಿನ ರ‍್ಯಾಲಿಗೆ ಮುಂಚೆ ಅದೇ ರಸ್ತೆಯಲ್ಲಿ ನಿಧಾನಕ್ಕೆ ಒಂದು ಸುತ್ತು, ನೀನು ಹೇಳುತ್ತೀಯ, ನಾನು ಬರೆಯುತ್ತೇನೆ. ಎರಡನೇ ಸುತ್ತು, ನಾನು ಓದುತ್ತೇನೆ, ನೀನು ತಿದ್ದುತ್ತೀಯ. ಓಟದ ದಿನ ಪಕ್ಕದಲ್ಲಿ ಕೂತು, ತಿರುವಿಗೆ ಮುಂಚೆಯೇ ಅಂಕಿ ಓದಿ ಹೇಳುವುದು ನನ್ನ ಕೆಲಸ. ಹನ್ನೊಂದು ವರ್ಷ ನಾನು ಪುಸ್ತಕದಲ್ಲಿ ಒಂದು ಅಂಕಿಯನ್ನೂ ತಪ್ಪು ಬರೆದಿಲ್ಲ. ಅಪಘಾತ ಆದಮೇಲೆ ರ‍್ಯಾಲಿಯ ಅಧಿಕಾರಿಗಳು ಪುಸ್ತಕ ಹಿಡಿದುಕೊಂಡು ರಸ್ತೆಯುದ್ದಕ್ಕೂ ನಡೆದು ನೋಡಿದರಲ್ಲ, ಒಂದೇ ಒಂದು ತಿರುವೂ ತಪ್ಪಿರಲಿಲ್ಲ. ನಾಲ್ಕು ಅಂದಲ್ಲಿ ನಾಲ್ಕು, ಮೂರು ಅಂದಲ್ಲಿ ಮೂರು. ಪುಸ್ತಕ ಸರಿ ಇದೆ ಅಂತ ಗೊತ್ತಾದ ಕೂಡಲೇ ನೀನು ಕಾರಿನ ಕೆಳಗೆ ತೂರಿ ಆ ಕಂಬಿಯನ್ನು ಬಿಚ್ಚಿಕೊಂಡು ಬಂದೆ.

ಪುಸ್ತಕ ಸರಿಯೇ ಇತ್ತು. ಸುಳ್ಳು ಇದ್ದದ್ದು ನನ್ನ ಬಾಯಲ್ಲಿ.

ಏಳು ವರ್ಷದ ಹಿಂದೆ, ಪಿಯಾ ಎರಡು ವರ್ಷದ ಮಗುವಾಗಿದ್ದಾಗ, ಆ ಸರೋವರದ ಕಡೆಯ ರ‍್ಯಾಲಿಯಲ್ಲಿ ನಮ್ಮ ಮುಂದಿನ ಕಾರು ಚೆಸ್ಟ್‌ನಟ್ ಮರಕ್ಕೆ ಹೊಡೆಯಿತಲ್ಲ. ನೀನು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿದೆ. ನಾನು ರಸ್ತೆಯಲ್ಲೇ ನಿಂತೆ. ನನ್ನ ಕಾಲ ಹತ್ತಿರ ಆ ಕಾರಿನ ಹೆಂಗಸಿನ ಪುಸ್ತಕ ಬಿದ್ದಿತ್ತು. ನನ್ನದರ ಹಾಗೇ, ಸುರುಳಿ ತಂತಿ ಹಾಕಿದ್ದು, ಅಂಚಿಗೆ ಲಿಪ್‌ಸ್ಟಿಕ್ ಬೆರಳಿನ ಗುರುತು. ಗಾಳಿಗೆ ಹಾಳೆ ಮಗುಚುತ್ತಿತ್ತು. ಆಕೆ ಬದುಕಲಿಲ್ಲ. ಮನೆಗೆ ಬಂದು ಪಿಯಾಳಿಗೆ ಹಾಲು ಕುಡಿಸುವಾಗ ಅರ್ಧ ಬಟ್ಟಲು ಅವಳ ಮೈಮೇಲೆ ಚೆಲ್ಲಿದೆ. ನೀನು, ಸುಸ್ತಾಗಿದೆ ನಿಂಗೆ, ಬೇಗ ಮಲಕ್ಕೋ ಅಂದೆ.

ಅದರ ಮುಂದಿನ ರ‍್ಯಾಲಿಯಿಂದ ಓಟದ ಹೊತ್ತಿನಲ್ಲಿ ನಾನು ಎಲ್ಲವನ್ನೂ ಒಂದು ಅಂಕಿ ಇಳಿಸಿ ಓದತೊಡಗಿದೆ. ಪುಸ್ತಕದಲ್ಲಿ ನಾಲ್ಕು, ನನ್ನ ಬಾಯಲ್ಲಿ ಮೂರು. ಪುಸ್ತಕದಲ್ಲಿ ಮೂರು, ಬಾಯಲ್ಲಿ ಎರಡು. ನಿಧಾನಕ್ಕೆ ಹೋಗಲಿ, ಬಹುಮಾನ ಹಾಳಾಗಿ ಹೋಗಲಿ, ಮಗುವಿಗೆ ಅಪ್ಪ ಅಮ್ಮ ಇರಲಿ, ಅಷ್ಟೇ ನನ್ನ ಯೋಚನೆ. ನಾನೂರು ತಿರುವುಗಳಲ್ಲಿ ಯಾವುದಕ್ಕೆ ಏನು ಹೇಳಿದ್ದೆ ಅಂತ ನಿನಗೆ ನೆನಪಿರುತ್ತದೆಯೇ? ಇರುವುದಿಲ್ಲ. ಅದಕ್ಕೇ ತಾನೇ ನಾನು ಪಕ್ಕದಲ್ಲಿ ಕೂತಿರುತ್ತಿದ್ದದ್ದು.

ಆದರೆ ಆ ವಾರವೇ ನೀನು ಮುಂದಿನ ಸ್ಪ್ರಿಂಗುಗಳನ್ನು ಬದಲಾಯಿಸಿದ್ದೆ! ನನ್ನ ಹಣೆಬರಹ ನೋಡು. ಮೊದಲ ಐದಾರು ತಿರುವಿನಲ್ಲಿ ನಾನು ಹೇಳಿದ ಹಾಗೆ ನೀನು ನಿಧಾನಿಸಿದೆ. ಕಾರು ಅಲುಗಾಡದೆ ತಿರುಗಿತು. ನಿನಗೆ ಖುಷಿಯಾಯಿತು. ಮುಂದಿನ ಮೂರಕ್ಕೆ ಸ್ವಲ್ಪ ಜೋರಾಗಿ ಹೋದೆ, ತಿರುಗಿತು. ಅದರ ಮುಂದಿನದಕ್ಕೆ ಇನ್ನೂ ಜೋರು. ಗುರಿ ಮುಟ್ಟಿದ ಮೇಲೆ ಹೆಲ್ಮೆಟ್ ಬಿಸಾಕಿ, ಮೂರನ್ನ ನಾಲ್ಕರ ಹಾಗೆ ನುಂಗಿಬಿಡ್ತು ಕಣೇ, ಏನ್ ಹಿಡಿತ ಅಂತೀಯಾ ಅಂತ ಕಾರಿನ ಮೂತಿಗೆ ಮುತ್ತು ಕೊಟ್ಟೆ. ಮುತ್ತು ಬೇಕಾಗಿದ್ದದ್ದು ನನಗೆ, ಅದು ಬೇರೆ ಮಾತು.

ಒಂದೆರಡು ತಿಂಗಳಲ್ಲಿ ನಾವು ಮತ್ತೆ ಮೊದಲಿನ ವೇಗಕ್ಕೇ ಬಂದಿದ್ದೆವು. ನನ್ನ ಮೂರು ಅಂದರೆ ನಾಲ್ಕರ ವೇಗ ಅಂತ ನಿನ್ನ ಕೈಕಾಲಿಗೆ ರೂಢಿಯಾಗಿತ್ತು. ನೀನು ಅದನ್ನು ಕಾರಿನ ಗುಣ ಅಂದುಕೊಂಡೆ. ಟೈರಿನ ಗಾಳಿ ಎರಡು ಗೀಟು ಇಳಿಸಿದ್ದಕ್ಕೆ, ಚಕ್ರದ ತಲೆಯನ್ನು ಒಳಕ್ಕೆ ವಾಲಿಸಿದ್ದಕ್ಕೆ, ಶಾಕ್ ಅಬ್ಸಾರ್ಬರ್ ಬಿಗಿ ಮಾಡಿದ್ದಕ್ಕೆ ಬಂದ ಹಿಡಿತ ಅಂದುಕೊಂಡೆ. ನೀನು ಟೈರಿನ ಅಂಚಿಗೆ ಸೀಮೆಸುಣ್ಣ ಬಳಿದು, ಓಡಿಸಿ ಬಂದು, ಎಷ್ಟು ಸವೆಯಿತು ಅಂತ ಮೊಣಕಾಲೂರಿ ನೋಡುತ್ತಿದ್ದೆ. ಬಿಸಿ ಟೈರಿನ ಮೇಲೆ ಅಂಗೈ ಇಟ್ಟು, ಒಳಗಡೆ ಜಾಸ್ತಿ ಬಿಸಿ, ಹೊರಗಡೆ ಕಮ್ಮಿ ಅಂತ ಗೊಣಗುತ್ತಾ ನಿನ್ನ ಗ್ಯಾರೇಜಿನ ಪುಸ್ತಕಕ್ಕೆ ಬರೆಯುತ್ತಿದ್ದೆ. ನಿನ್ನ ಕೆಲಸವೆಲ್ಲ ಪೊಳ್ಳು ಅನ್ನುತ್ತಿಲ್ಲ, ಹಾಗೆ ತಿಳಿಯಬೇಡ. ಆ ಕಾರು ನಿಜಕ್ಕೂ ಒಳ್ಳೆಯದಾಗಿತ್ತು. ನೀನು ಅಂದುಕೊಂಡಷ್ಟು ಆಗಿರಲಿಲ್ಲ, ಅಷ್ಟೇ. ಒಂದು ಅಂಕಿಯಷ್ಟು ಕಮ್ಮಿ.

ಹಾಗಾದರೆ ಸುಮ್ಮನೆ ನಿಲ್ಲಿಸಬಾರದಿತ್ತೇ, ಮತ್ತೆ ಇದ್ದದ್ದನ್ನು ಇದ್ದ ಹಾಗೆ ಓದಬಾರದಿತ್ತೇ ಅಂತ ಕೇಳುತ್ತೀಯ. ಓದಿದೆ. ನಾಲ್ಕು ವರ್ಷದ ಹಿಂದೆ ಓದಿದೆ. ಕ್ಯಾಪುಚಿನ್ ಸನ್ಯಾಸಿಗಳ ಮಠದ ಹಿಂದಿನ ಇಳಿಜಾರು ನೆನಪಿದೆಯಾ? ಎಡಕ್ಕೆ ನಾಲ್ಕು ಅಂತ ಬರೆದಿತ್ತು, ಎಡಕ್ಕೆ ನಾಲ್ಕು ಅಂತಲೇ ಓದಿದೆ. ಬಾಯಿಂದ ಮಾತು ಮುಗಿಯುವಷ್ಟರಲ್ಲಿ ನೀನು ಕಾಲು ತೆಗೆಯದೆ ನುಗ್ಗಿಸಿದೆ. ಬೇಲಿ ಮುರಿದು, ಹುಲ್ಲುಗಾವಲಿನಲ್ಲಿ ಎರಡು ಸುತ್ತು ಸುತ್ತಿ, ಒಂದು ಹಸುವಿನಿಂದ ನಾಲ್ಕು ಮಾರು ದೂರದಲ್ಲಿ ನಿಂತೆವು. ಹಸು ಮೇಯುವುದನ್ನೂ ನಿಲ್ಲಿಸಲಿಲ್ಲ. ಆ ಹಸುವಿನ ಯಜಮಾನ, ಹುಲ್ಲು ಕುಯ್ಯೋಕೆ ಕಾರು ತಂದ್ಯೇನೋ ಬೋಳಿಮಗನೆ ಅಂತ ಕುಡುಗೋಲು ಹಿಡಿದು ಅಟ್ಟಿಸಿಕೊಂಡು ಬಂದ. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹಿಂದಿನ ಟೈರಿಗೆ ಗಾಳಿ ಜಾಸ್ತಿ ಆಗಿದೆ ಅಂದೆ. ನಾನೂ ನಕ್ಕೆ. ಒಳಗೆ ಮಾತ್ರ ನನಗೆ ಅರ್ಥವಾಗಿ ಹೋಯಿತು. ಇನ್ನು ಮುಂದೆ ಈ ಬಾಯಿ ನಿಜ ಹೇಳಿದರೆ ನಾವು ಉಳಿಯುವುದಿಲ್ಲ, ಸುಳ್ಳೇ ನಮ್ಮನ್ನು ರಸ್ತೆಯ ಮೇಲೆ ಇಟ್ಟಿದೆ.

ಆಗಲಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಅಯ್ಯೋ, ಎಷ್ಟು ಸಲ ಹೊರಟೆ! ಹೋದ ಶರತ್ಕಾಲದ ಬಹುಮಾನದ ಊಟದ ದಿನ ಹೇಳಿಯೇ ಬಿಡುತ್ತೇನೆ ಅಂತ ಸಿದ್ಧಳಾಗಿ ಬಂದಿದ್ದೆ. ಅಷ್ಟರಲ್ಲಿ ಮೂರು ಕಣಿವೆಯವರು ತಮ್ಮ ಕಾರುಗಳನ್ನು ನಿನ್ನ ಗ್ಯಾರೇಜಿಗೆ ತರುತ್ತಿದ್ದರು, ತಿರುವಿನಲ್ಲಿ ಹಿಡಿತ ಬೇಕಾದರೆ ದೇಲಿಯೊನ ಹತ್ತಿರ ಹೋಗಿ ಅಂತ ಮಾತಾಗಿತ್ತು. ಆ ಉದ್ದನೆಯ ಮೇಜಿನಲ್ಲಿ ಯಾರೋ, ನಿನ್ನ ಹೆಂಡತಿ ಓದುವುದೂ ಚೆನ್ನಾಗಿರಬೇಕು ಅಂದರು. ನೀನು ನನ್ನ ಹೆಗಲ ಮೇಲೆ ಕೈಯಿಟ್ಟು, ಇವಳದೇನು, ಓದ್ತಾಳೆ ಅಷ್ಟೆ, ತಿರುಗೋದು ನನ್ನ ಕಾರು ಅಂದೆ. ಎಲ್ಲರೂ ನಕ್ಕರು. ಟುಲಿಯೊ ಒಬ್ಬನೇ ನಗಲಿಲ್ಲ. ಅಣ್ಣಾ, ಅತ್ತಿಗೆ ಬಾಯಿ ಮುಚ್ಚಿದ್ರೆ ನೀನು ಸಗಣಿ ಗುಂಡಿಯಲ್ಲಿ ಇರ್ತಿದ್ದೆ ಅಂದ. ನೀನು ಅವನ ತಲೆಗೊಂದು ಮೊಟಕಿದೆ. ಹೇಳಬೇಕು ಅಂದುಕೊಂಡದ್ದನ್ನು ನಾನು ಹೇಳದೆಯೇ ಮನೆಗೆ ಬಂದೆ.

ಜೂನಿನಲ್ಲಿ ಏನಾಯಿತು ಅಂತ ಇಬ್ಬರಿಗೂ ಗೊತ್ತು. ಆದರೂ ಬರೆಯುತ್ತೇನೆ, ನಿನಗೆ ಗೊತ್ತಿರುವುದು ಅರ್ಧ. ಗುರುವಾರ ನನ್ನ ಗಂಟಲು ಪೂರ್ತಿ ಕಟ್ಟಿತು. ಡಾಕ್ಟರು, ವಾರ ಪೂರ್ತಿ ಒಂದು ಮಾತೂ ಆಡಬೇಡಮ್ಮ ಅಂದರು. ನೀನು ಮೂರು ದಿನದ ಹಿಂದಷ್ಟೇ ಹಿಂದುಗಡೆ ಆ ದಪ್ಪ ಕಂಬಿ ಹಾಕಿದ್ದೆ. ಈಗ ತಿರುವಿನಲ್ಲಿ ಮೈ ವಾಲೋದೇ ಇಲ್ಲ ನೋಡು ಅಂತ ಮಗುವಿನ ಹಾಗೆ ಕುಣಿಯುತ್ತಿದ್ದೆ. ರ‍್ಯಾಲಿ ಬಿಡುವ ಮಾತೇ ಇರಲಿಲ್ಲ. ಟುಲಿಯೊ ಕೂರ್ತಾನೆ, ಅವನಿಗೆ ಓದೋಕೆ ಬರುತ್ತೆ ಅಂತ ನೀನೇ ಅಂದೆ. ಅವನು ನನ್ನ ಪುಸ್ತಕ ತೆಗೆದುಕೊಂಡ. ಶುಕ್ರವಾರ ಬೆಳಿಗ್ಗೆ ಇಬ್ಬರೂ ನಿಧಾನಕ್ಕೆ ಒಂದು ಸುತ್ತು ಹೋಗಿ ಬಂದಿರಿ. ತಿರುವಿಗೆ ತಿರುವು ಸರಿಹೋಯಿತು ಅಂತ ನೀನು ಬಂದು ಹೇಳಿದೆ. ನಾನು ಕಂಬಳಿ ಹೊದ್ದು ಮಲಗಿದ್ದೆ. ಪುಸ್ತಕ ನಿನ್ನ ಕೈಯಿಂದಲೇ ಅವನಿಗೆ ಹೋಯಿತು, ನಾನು ಅವನನ್ನು ನೋಡಲೂ ಇಲ್ಲ. ಗಂಟಲಲ್ಲಿ ದನಿಯೇ ಇಲ್ಲದವಳು ಏನು ಹೇಳಲಿ, ಹೇಗೆ ಹೇಳಲಿ?

ಶನಿವಾರ ಮೊದಲ ಹಂತದಲ್ಲಿ ನಾಲ್ಕನೆಯ ತಿರುವಿನಿಂದಲೇ ಕಾರಿನ ಹಿಂಭಾಗ ಜಾರುತ್ತಿತ್ತು ಅಂತ ನೀನೇ ಪೊಲೀಸರಿಗೆ ಹೇಳಿದೆ. ಟೈರು ಇನ್ನೂ ತಣ್ಣಗಿದೆ, ಎರಡು ತಿರುವು ಹೋದರೆ ಹಿಡಿಯುತ್ತದೆ ಅಂದುಕೊಂಡೆಯಂತೆ. ಜಾರಿದ್ದು ಕಂಬಿಯಿಂದಲ್ಲ ದೇಲಿಯೊ. ಟುಲಿಯೊ ನಾಲ್ಕು ಅಂದಾಗ ನೀನು ಐದರ ವೇಗದಲ್ಲಿ ಹೋದೆ. ಅದು ನಿಜವಾಗಿ ನಾಲ್ಕೇ ಆಗಿತ್ತು. ಪ್ರಾರ್ಥನಾ ಮಂದಿರ ದಾಟಿದ ಮೇಲೆ ಅವನು ಬಲಕ್ಕೆ ಮೂರು ಅಂದ. ಏಳು ವರ್ಷ ನನ್ನ ಬಾಯಿಂದ ಮೂರು ಕೇಳಿದ ನಿನ್ನ ಕಾಲು ನಾಲ್ಕರ ವೇಗವನ್ನೇ ಕೊಟ್ಟಿತು. ಯಾವ ಕಂಬಿ ಹಾಕಿದ್ದರೂ, ತೆಗೆದಿದ್ದರೂ ಅಷ್ಟೇ. ಆ ಹುಡುಗ ಸಾಯುವವರೆಗೂ ನಿನಗೆ ನಿಜವನ್ನೇ ಓದಿ ಹೇಳಿದ.

ಶವಪೆಟ್ಟಿಗೆ ಎತ್ತುವಾಗ ನೀನು ಹೆಗಲು ಕೊಡಲಿಲ್ಲ. ಈ ಕೈ ಅದನ್ನ ಮುಟ್ಟಬಾರದು ಅಂತ ಗೋಡೆಗೆ ಒರಗಿ ನಿಂತೆ. ನಿಮ್ಮಮ್ಮ ಏನೂ ಅರ್ಥವಾಗದೆ ನಿನ್ನನ್ನೇ ನೋಡುತ್ತಿದ್ದರು. ಆಗ ನಾನು ಬಾಯಿ ತೆರೆಯಬಹುದಿತ್ತು, ಗಂಟಲು ಅಷ್ಟು ಹೊತ್ತಿಗೆ ಬಿಟ್ಟಿತ್ತು. ತೆರೆಯಲಿಲ್ಲ. ಮಾರನೆಯ ದಿನ ನೀನು ಬೆಟ್ಟ ಹತ್ತಿದೆ. ಆಗಲೂ ತೆರೆಯಲಿಲ್ಲ. ಇಪ್ಪತ್ತಾರು ದಿನದಿಂದ ನಿನ್ನ ತಪ್ಪಲ್ಲದ್ದನ್ನು ನೀನು ಮಡಿಲಲ್ಲಿಟ್ಟುಕೊಂಡು ಕೂತಿದ್ದೀಯ, ನಾನು ಕೆಳಗೆ ಬಟ್ಟೆ ಹೆಣೆಯುತ್ತಿದ್ದೇನೆ. ಥೂ, ನನ್ನ ಜನ್ಮಕ್ಕಿಷ್ಟು.

ಪಿಯಾ ದಿನವೂ ಗ್ಯಾರೇಜಿನ ಬಾಗಿಲ ಬೀಗ ಅಲ್ಲಾಡಿಸಿ ಬರುತ್ತಾಳೆ. ಅಪ್ಪ ಒಳಗಿಲ್ಲ ಅಂತ ಗೊತ್ತು. ಆದರೂ ಅಲ್ಲಾಡಿಸುತ್ತಾಳೆ. ನಿನ್ನೆ ಕೇಳಿದಳು, ಅಮ್ಮಾ, ಅಪ್ಪಂಗೆ ನಮ್ಮ ಮೇಲೆ ಕೋಪಾನಾ ಅಂತ. ಇಲ್ಲ ಕಂದಾ, ಕೋಪ ಬರಬೇಕಾದದ್ದು ಈಗ ಬರುತ್ತೆ ಅಂದೆ. ಅವಳಿಗೆ ತಿಳಿಯಲಿಲ್ಲ, ಪೀಚ್ ಹಣ್ಣು ತಿನ್ನುತ್ತಾ ಹೊರಗೆ ಹೋದಳು.

ನೀನು ಭಾನುವಾರ ಇಳಿದು ಬಾ. ಆ ಕಂಬಿಯನ್ನು ಅಲ್ಲೇ ಕಣಿವೆಗೆ ಎಸೆದು ಬಾ. ನಿಮ್ಮಮ್ಮನ ಪಕ್ಕದಲ್ಲಿ ಕೂತುಕೋ, ತೋಳು ಹಿಡಿದುಕೋ, ಏನೂ ಹೇಳಬೇಡ. ಹೇಳುವುದು ನನ್ನ ಪಾಲಿನದು, ಮನೆಗೆ ಬಂದಮೇಲೆ ನಾನೇ ಹೇಳುತ್ತೇನೆ. ಗುಜರಿಯವನಿಗೆ ಬರಬೇಡ ಅಂತ ಹೇಳಿ ಕಳಿಸಿದ್ದೇನೆ. ನಿನ್ನ ಕೈ ಒಳ್ಳೆಯ ಕೈ. ಅದು ಯಾರನ್ನೂ ಕೊಂದಿಲ್ಲ.

ಇದನ್ನು ಓದಿದ ಮೇಲೆ ನೀನು ನನ್ನ ಮುಖ ನೋಡುವುದಿಲ್ಲ ಅಂತ ಗೊತ್ತು. ನೋಡು ಅಂತ ಕೇಳುವುದೂ ಇಲ್ಲ. ನಾನು ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ಕೂತಿರುತ್ತೇನೆ, ಅಲ್ಲಿಂದಲೇ ನಮ್ಮ ಅಕ್ಕನ ಊರಿಗೆ ಹೋಗು ಅಂದರೆ ಹೋಗುತ್ತೇನೆ. ಹೆದರಿಕೆಯಿಂದ ಮಾಡಿದೆ ದೇಲಿಯೊ, ಬರೀ ಹೆದರಿಕೆಯಿಂದ. ನಿನ್ನನ್ನು ಕಳೆದುಕೊಳ್ಳಬಾರದು ಅಂತ ಮಾಡಿದೆ. ಈಗ ಹೇಗೂ ಕಳೆದುಕೊಂಡೆ. ಇದಕ್ಕಿಂತ ಹೆಚ್ಚಿಗೆ ಹೇಳುವುದು ಏನೂ ಉಳಿದಿಲ್ಲ.

ನಾರ್ದೊನ ಕೈಯಲ್ಲಿ ಬ್ರೆಡ್ಡು, ಈರುಳ್ಳಿ, ಒಗೆದ ಎರಡು ಅಂಗಿ ಕಳಿಸಿದ್ದೇನೆ. ತಿನ್ನು.

ನಿನ್ನ ಪಕ್ಕದಲ್ಲಿ ಕೂತು ಓದುತ್ತಿದ್ದ
ಇರ್ಮಾ

ಮತ್ತೆ ಬರೆಯುತ್ತಿರುವುದು: ಲಕೋಟೆ ಅಂಟಿಸಿ, ಮತ್ತೆ ಹರಿದೆ. ಈ ಕಾಗದದಲ್ಲೂ ನಾನು ಒಂದು ಅಂಕಿ ಇಳಿಸಿಯೇ ಓದಿದ್ದೇನೆ. ಟುಲಿಯೊನನ್ನು ನೋಡಲಿಲ್ಲ ಅಂತ ಬರೆದದ್ದು ಸುಳ್ಳು. ಶುಕ್ರವಾರ ಸಂಜೆ ನಾಲ್ಕಕ್ಕೆ, ನೀನು ಗ್ಯಾರೇಜಿನಲ್ಲಿ ಕಾರಿನ ಕೆಳಗಿದ್ದಾಗ ಅವನು ಬಂದಿದ್ದ. ನನ್ನ ಗಂಟಲಿಗೆ ಅಂತ ನಿಂಬೆಹಣ್ಣು ತಂದಿದ್ದ. ಪುಸ್ತಕ ಮೇಜಿನ ಮೇಲಿಟ್ಟು, ಅತ್ತಿಗೆ, ಅಣ್ಣನ ಪಕ್ಕ ಕೂರೋಕೆ ಏನಾದ್ರೂ ಗುಟ್ಟಿದ್ರೆ ಹೇಳಿ, ನಂಗೆ ಸ್ವಲ್ಪ ಭಯ ಆಗ್ತಿದೆ ಅಂದ. ದನಿ ಇರಲಿಲ್ಲ, ಪೆನ್ಸಿಲ್ ಇತ್ತು. ಒಂದು ಚೀಟಿಯಲ್ಲಿ ಬರೆದುಕೊಟ್ಟೆ: ಪುಸ್ತಕದಲ್ಲಿ ಇದ್ದ ಹಾಗೇ ಓದು. ಆಸ್ಪತ್ರೆಯಿಂದ ಬಂದ ಅವನ ಅಂಗಿಯ ಜೇಬಿನಲ್ಲಿ ಆ ಚೀಟಿ ನಿಮ್ಮಮ್ಮನಿಗೆ ಸಿಕ್ಕಿತು. ನೀನಾದ್ರೂ ನನ್ನ ಮಗನಿಗೆ ಸರಿಯಾದ್ದನ್ನ ಹೇಳಿ ಕಳಿಸಿದ್ದೆಯಲ್ಲ ತಾಯಿ ಅಂತ ಆಕೆ ಅದನ್ನು ನನಗೇ ಕೊಟ್ಟು, ನನ್ನ ಕೈಗೆ ಮುತ್ತಿಟ್ಟರು. ಚೀಟಿ ಈ ಲಕೋಟೆಯಲ್ಲೇ ಇದೆ. ಅದನ್ನು ಬರೆಯುವಾಗ ನನಗೆ ಹೆದರಿಕೆ ಇರಲಿಲ್ಲ. ಆ ಊಟದ ಮೇಜಿನ ನಗು ಕಿವಿಯಲ್ಲಿತ್ತು. ಒಂದು ಸಲ ನಾನಿಲ್ಲದೆ ಹುಲ್ಲುಗಾವಲಿಗೆ ಇಳಿಯಲಿ, ತಿರುಗಿಸುತ್ತಿದ್ದದ್ದು ಯಾರು ಅಂತ ಆಗ ಗೊತ್ತಾಗುತ್ತದೆ ಅಂದುಕೊಂಡೆ. ಹುಲ್ಲುಗಾವಲು ಅಂತಲೇ ಅಂದುಕೊಂಡಿದ್ದೆ, ದೇವರಾಣೆ. ಆದರೆ ನಿನ್ನೆ ಪುಸ್ತಕ ತೆಗೆದು ನೋಡಿದೆ. ಮಂದಿರ ದಾಟಿದ ಮೇಲಿನ ತಿರುವು, ಬಲಕ್ಕೆ ಮೂರು, ಅದರ ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ ಬರೆದಿದೆ: ಹೊರಗೆ ಕಲ್ಲಿನ ಗೋಡೆ.